ಸೋರುವ ನೀರಿಗೆ ಮೊದಲ ಪಾನಾ ನಮ್ಮದೇ ಇರಲಿ

ಜಾಂಬೋಟಿ ಕಡೆ ನೀರು ಉಳಿಸುವ ಮಾತೆತ್ತಿದರೆ ಜನ ನಗುತ್ತಾರೆ. "ಇಲ್ಲಿ ನೀರಿಗೇನ್ ಬರಾ ಐತ್ರಿ? ನಾಕ್ ತಿಂಗಳ ಛತ್ರಿ ಮಡಚಾಕ ಬಿಡೂದಿಲ್ಲ ಮಳಿ" ಅನ್ನುತ್ತಾರೆ. ಮಾತು ಸುಳ್ಳಲ್ಲ. ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಹೋಗುವ ದಾರಿಯಲ್ಲಿರುವ ಊರು ನಮ್ಮದು. ಇನ್ನಷ್ಟು ಮುಂದೆ ಹೋದರೆ ಕಣಕುಂಬಿ, ಮಲಪ್ರಭೆ ಹುಟ್ಟುವ ಜಾಗ. ಜೋರು ಮಳೆ ಹಿಡಿದಾಗ ಹಬ್ಬನಹಟ್ಟಿಯ ಮಾರುತಿ ಗುಡಿ ಹೊಳೆಯಲ್ಲಿ ಮುಳುಗಿ ಕೂರುತ್ತದೆ.

ಅದೇ ಹೊಳೆಯನ್ನು ಏಪ್ರಿಲ್ ಕೊನೆಗೆ ಬಂದು ನೋಡಿ. ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಮಡು. ಗುಡ್ಡದ ಕೆಂಪುಕಲ್ಲಿನ ನೆಲ ನೀರನ್ನು ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಮಳೆ ಹೆಚ್ಚು ಬಿದ್ದ ಊರಿನಲ್ಲಿ ಬೇಸಿಗೆಗೆ ನೀರು ಹೆಚ್ಚು ಇರಬೇಕೆಂಬ ಕಾನೂನಿಲ್ಲ. ಹಾಗಾಗಿ ಈ ಬರಹ ಮನೆಯೊಳಗೆ, ಅಂಗಳದಲ್ಲಿ, ಟಾಕಿಯ ಬುಡದಲ್ಲಿ ಸೋರುವ ನೀರಿನ ಬಗ್ಗೆ. ವಿಷಯ ಸಣ್ಣದು ಎಂದು ಪುಟ ತಿರುವಬೇಡಿ. ಲೆಕ್ಕ ನೋಡಿ ಆಮೇಲೆ ತೀರ್ಮಾನಿಸಿ.

ನನ್ನ ವಾದ ಇಷ್ಟೇ. ನೀರು ಸೋರಿದರೆ ಪ್ಲಂಬರ್ ಬರಲಿ, ನೀರಗಂಟಿ ಬರಲಿ, ಪಂಚಾಯತಿ ನೋಡಿಕೊಳ್ಳಲಿ ಎಂದು ಕಾಯುವುದು ರೈತನ ಮನೆಗೆ ಒಪ್ಪುವ ರೀತಿಯಲ್ಲ. ಮೊದಲ ಕೈ, ಮೊದಲ ಪಾನಾ ಮನೆಯವರದ್ದೇ ಆಗಬೇಕು. ಅದಕ್ಕೆ ಬೇಕಾದ ಸಾಮಾನು, ತಿಳಿವಳಿಕೆ ಎರಡೂ ಪ್ರತಿ ಮನೆಯಲ್ಲಿ ಇರಬೇಕು.

ಡ್ರಿಪ್ಪರ್ ತಿಳಿದವನಿಗೆ ನಳ ತಿಳಿಯದೇ?

ತೋಟಕ್ಕೆ ಹನಿ ನೀರಾವರಿ ಹಾಕಿಸಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಎಂದರೆ ಏನು ಎಂದು ಹುಡುಗರಿಗೂ ಗೊತ್ತು. ಲ್ಯಾಟರಲ್ ಪೈಪಿಗೆ ಇಲಿ ಹಲ್ಲು ಹಾಕಿದರೆ ಅದೇ ದಿನ ಜೋಡಿಸುತ್ತೇವೆ. ಅದೇ ನಾವು ಬಚ್ಚಲಿನ ನಳ ಆರು ತಿಂಗಳು ತೊಟ್ಟಿಕ್ಕಿದರೂ ಕೆಳಗೊಂದು ಬಕೆಟ್ ಇಟ್ಟು ಸುಮ್ಮನಾಗುತ್ತೇವೆ!

ಸೋರುವ ಜಾಗಕ್ಕೆ ಒಂದು ಲೀಟರಿನ ಬಾಟಲಿ ಹಿಡಿಯಿರಿ. ಎಷ್ಟು ಹೊತ್ತಿಗೆ ತುಂಬಿತು ನೋಡಿ. ಕಾಲು ಗಂಟೆಗೆ ತುಂಬಿದರೆ ಅದು ಗಂಟೆಗೆ 4 ಲೀಟರ್. ಅಂದರೆ ನಿಮ್ಮ ಬಚ್ಚಲಿನಲ್ಲಿ ಒಂದು ಡ್ರಿಪ್ಪರ್ ಹಗಲೂ ರಾತ್ರಿ ನಡೆಯುತ್ತಿದೆ. ದಿನಕ್ಕೆ 96 ಲೀಟರ್. ಹತ್ತು ನಿಮಿಷಕ್ಕೆ ತುಂಬಿದರೆ ದಿನಕ್ಕೆ 144 ಲೀಟರ್. ಒಂದು ಗಂಟೆಗೆ ತುಂಬುವ ಬಡ ಸೋರಿಕೆಯೂ ದಿನಕ್ಕೆ 24 ಲೀಟರ್, ವರ್ಷಕ್ಕೆ 8,760 ಲೀಟರ್.

ಇದನ್ನು ಯಾವುದಕ್ಕೆ ಹೋಲಿಸಬೇಕು? ಕೇಂದ್ರ ಸರಕಾರ 2019ರಲ್ಲಿ ಜಲ ಜೀವನ ಮಿಷನ್ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದಕ್ಕೆ 'ಮನೆ ಮನೆಗೆ ಗಂಗೆ' ಎಂದು ಹೆಸರಿಟ್ಟರು. ಅದರಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಹಿಡಿದಿರುವ ನೀರು 55 ಲೀಟರ್. ಐದು ಜನರ ಮನೆಗೆ 275 ಲೀಟರ್. ಹತ್ತು ನಿಮಿಷಕ್ಕೊಂದು ಲೀಟರ್ ಸೋರುವ ಮನೆಯಲ್ಲಿ ಕಾಣದ ಎರಡೂವರೆ ಮಂದಿ ನೆಂಟರು ಕಾಯಮ್ಮಾಗಿ ಉಳಿದುಕೊಂಡ ಹಾಗೆ. ದಕ್ಷಿಣ ಆಫ್ರಿಕದ ಕೇಪ್ ಟೌನ್ ನಗರ 2018ರ ಬರದಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿದ್ದು ಜಗತ್ತಿಗೇ ಸುದ್ದಿಯಾಯಿತು. ನಮ್ಮ ಹಳ್ಳಿಗಳಿಗೆ ಸುಭಿಕ್ಷದ ಕಾಲದ ಲೆಕ್ಕವೇ ಅದಕ್ಕಿಂತ 5 ಲೀಟರ್ ಮಾತ್ರ ಹೆಚ್ಚು.

ಸೂಜಿಯಷ್ಟು ತೂತು

ಪೈಪಿನ ತೂತಿನದ್ದು ಇನ್ನೂ ದೊಡ್ಡ ಕತೆ. ಎಷ್ಟು ನೀರು ಹೋಗುತ್ತದೆ ಎನ್ನುವುದು ತೂತಿನ ಗಾತ್ರ ಮತ್ತು ಮೇಲಿನ ನೀರಿನ ಎತ್ತರ ಎರಡನ್ನೂ ಅವಲಂಬಿಸಿದೆ. ಮಾಳಿಗೆಯ ಟಾಕಿಯಿಂದ 3 ಮೀಟರ್ ಕೆಳಗಿರುವ ಪೈಪಿನಲ್ಲಿ 1 ಮಿ.ಮೀ. ತೂತಿದ್ದರೆ ದಿನಕ್ಕೆ ಸುಮಾರು 300 ಲೀಟರ್ ಹೋಗುತ್ತದೆ. ಐದು ಜನರ ಮನೆಯ ಇಡೀ ದಿನದ ಪಾಲಿಗಿಂತ ಹೆಚ್ಚು! ಟಾಕಿ 10 ಮೀಟರ್ ಎತ್ತರದಲ್ಲಿದ್ದರೆ ಅದೇ ತೂತಿನಿಂದ ಐನೂರರಿಂದ ಆರುನೂರು ಲೀಟರ್. ತೂತಿನ ಅಡ್ಡಳತೆ ಎರಡು ಪಟ್ಟಾದರೆ ನೀರು ನಾಲ್ಕು ಪಟ್ಟು. ಆದ್ದರಿಂದ "ಸಣ್ಣ ತೂತು, ಆಮ್ಯಾಲ ನೋಡೂಣು" ಎನ್ನುವುದು ಬೇಡ. ತೂತು ದೊಡ್ಡದಾಗುತ್ತದೆಯೇ ಹೊರತು ತನ್ನಿಂದ ತಾನೇ ಮುಚ್ಚಿಕೊಳ್ಳುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಪಂಚಾಯತಿ ನೀರು ದಿನಕ್ಕೆ ಒಂದು ತಾಸು ಬರುವ ಊರಿನಲ್ಲಿ ನೇರ ಕನೆಕ್ಷನ್ನಿನ ನಳ ತೊಟ್ಟಿಕ್ಕಿದರೆ ನಷ್ಟ ಆ ಒಂದು ತಾಸಿನದ್ದು ಮಾತ್ರ. ಟಾಕಿಯಿಂದ ಕೆಳಗಿನ ಪೈಪು ಸೋರಿದರೆ ಅದು 24 ತಾಸಿನ ನಷ್ಟ. ಮನೆಯಲ್ಲಿ ಮೊದಲು ತಪಾಸು ಮಾಡಬೇಕಾದದ್ದು ಟಾಕಿಯ ನಂತರದ ಭಾಗ.

ನೇರ ಕನೆಕ್ಷನ್ನಿನಲ್ಲಿ ದೊಡ್ಡ ನಷ್ಟ ತೊಟ್ಟಿಕ್ಕುವುದರಿಂದ ಅಲ್ಲ, ತಲೆಯಿಲ್ಲದ ನಳದಿಂದ. ಎಷ್ಟೋ ಮನೆಗಳ ಮುಂದೆ ಪೈಪು ಮಾತ್ರ ನಿಂತಿದೆ, ನಳದ ಚಾವಿ ಯಾವಾಗಲೋ ಮುರಿದು ಹೋಗಿದೆ. 15 ಲೀಟರಿನ ಬಕೆಟ್ ಒಂದೂವರೆ ನಿಮಿಷಕ್ಕೆ ತುಂಬುವ ಧಾರೆ ಒಂದು ತಾಸು ಸುಮ್ಮನೆ ಹರಿದರೆ 600 ಲೀಟರ್. ಕೊಡ ತುಂಬಿಸಿಕೊಂಡದ್ದು ಹತ್ತು, ಗಟಾರಕ್ಕೆ ಹೋದದ್ದು ಮೂವತ್ತು. ಆ ಊರಿನ ದಿಬ್ಬದ ಮೇಲಿನ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ನನಗೆ ಹೇಳಿದ್ದು ಹೀಗೆ: "ನಮ್ಮ ನಳದಾಗ ಗಾಳಿ ಬರ್ತೈತಿ ತಮ್ಮಾ, ನೀರ ಬರೂದಿಲ್ಲ." ಕೆಳಗಿನ ಮನೆಗಳಲ್ಲಿ ಧಾರೆ ಬಿಟ್ಟಿದ್ದರೆ ಮೇಲಿನ ಮನೆಗೆ ಒತ್ತಡ ಉಳಿಯುವುದೇ ಇಲ್ಲ. ಸೋರಿಕೆಯ ನಿಜವಾದ ಬೆಲೆ ತೆರುವವಳು ಆ ಅಜ್ಜಿ. ಸೋರುವ ಮನೆಯವರಿಗೆ ಅದು ಕಾಣುವುದೂ ಇಲ್ಲ.

ದುಡ್ಡಿನ ಲೆಕ್ಕ ಹಾಕಿದರೆ ಸೋಲುತ್ತೇವೆ

ನೀರು ಉಳಿಸಿದರೆ ಕರೆಂಟು ಉಳಿಯುತ್ತದೆ, ದುಡ್ಡು ಉಳಿಯುತ್ತದೆ ಎಂದು ಭಾಷಣ ಮಾಡುವವರಿದ್ದಾರೆ. ನನಗೆ ಆ ವಾದದ ಮೇಲೆ ಭರವಸೆ ಇಲ್ಲ. ಸಾವಿರ ಲೀಟರ್ ನೀರನ್ನು 30 ಮೀಟರ್ ಮೇಲೆತ್ತಲು ಸಾಧಾರಣ ಪಂಪಿಗೂ ಸುಮಾರು ಕಾಲು ಯುನಿಟ್ ಕರೆಂಟ್ ಸಾಕು. ದಿನಕ್ಕೆ 100 ಲೀಟರ್ ಸೋರಿದರೆ ತಿಂಗಳಿಗೆ ಒಂದು ಯುನಿಟ್ಟೂ ಆಗಲಿಕ್ಕಿಲ್ಲ. ಹಳ್ಳಿಯ ನೀರಿನ ಕರವೂ ಹೆಚ್ಚಾಗಿ ತಿಂಗಳಿಗೆ ಇಂತಿಷ್ಟು ಎಂದು ಗೊತ್ತುಪಡಿಸಿದ್ದು. ಸೋರಿದರೂ ಅಷ್ಟೇ, ಸೋರದಿದ್ದರೂ ಅಷ್ಟೇ. ಕಿಸೆಗೆ ತಟ್ಟದ ನಷ್ಟವನ್ನು ಯಾರು ತಡೆಯುತ್ತಾರೆ?

ಆದರೆ ನೀರಿನ ಲೆಕ್ಕ ಬೇರೆ. ಬೇಸಿಗೆಯಲ್ಲಿ ಬೋರಿನಲ್ಲಿ ಮೋಟರ್ ನಿಂತು ನಿಂತು ಎತ್ತುತ್ತದೆ. ಕರೆಂಟು ಇದ್ದಷ್ಟು ಹೊತ್ತು ಊರಿನ ಟಾಕಿ ತುಂಬಬೇಕು. ಆ ಟಾಕಿ ಅರ್ಧ ತುಂಬಿದಾಗ ಕರೆಂಟು ಹೋದರೆ ಆ ದಿನ ಅರ್ಧ ಊರಿಗೆ ನೀರಿಲ್ಲ. ಆಗ ನೂರು ಲೀಟರಿನ ಬೆಲೆ ಕರೆಂಟ್ ಬಿಲ್ಲಿನಲ್ಲಿ ಸಿಗುವುದಿಲ್ಲ. ಕೊಡ ಹೊತ್ತು ಬಾವಿಗೆ ಹೋಗಿಬರುವ ಹೆಣ್ಣುಮಗಳ ಕಾಲಿನಲ್ಲಿ ಸಿಗುತ್ತದೆ.

ಇನ್ನೊಂದು ಮಾತು ಕೇಳುತ್ತೇನೆ. "ಸೋರಿದ್ರ ಎಲ್ಲಿ ಹೋಕ್ಕೈತ್ರಿ? ನೆಲಕ್ಕ ಇಂಗಿ ನಮ್ಮ ಬಾವಿಗೇ ಬರ್ತೈತಿ." ಇಂಗಿಸುವುದು ಒಳ್ಳೆಯದೇ. ಅದಕ್ಕೆ ಮಳೆಗಾಲವಿದೆ, ಇಳಿಜಾರಿನಲ್ಲಿ ಬದುವಿದೆ, ಇಂಗುಗುಂಡಿ ಇದೆ. ಒಮ್ಮೆ ಎತ್ತಿ, ಶುದ್ಧ ಮಾಡಿ, ಪೈಪಿನಲ್ಲಿ ತಂದ ನೀರನ್ನು ಮನೆಯ ಬುಡದಲ್ಲಿ ಇಂಗಿಸುವುದು ಕೊಟ್ಟಿಗೆ ಗೊಬ್ಬರವನ್ನು ರಸ್ತೆಗೆ ಚೆಲ್ಲಿದ ಹಾಗೆ. ಅದು ಬಾವಿಗೆ ಹೋಗುವ ಮೊದಲು ನಿಮ್ಮ ಪಾಯಕ್ಕೆ ಹೋಗುತ್ತದೆ. ನಮ್ಮ ಕಡೆ ಹಳೆಯ ಮನೆಗಳೆಲ್ಲ ಮಣ್ಣಿನ ಗೋಡೆ, ಇಲ್ಲವೇ ಮಣ್ಣಿನಲ್ಲಿ ಕಟ್ಟಿದ ಕೆಂಪುಕಲ್ಲು. 2019ರ ಆಗಸ್ಟ್ ಮಳೆಗೆ ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಮನೆ ಬಿದ್ದದ್ದು ನೆನಪಿರಬಹುದು. ಬೇಸಿಗೆಯಿಡೀ ಬುಡ ಹಸಿಯಾಗಿರುವ ಗೋಡೆ ಮಳೆಗಾಲಕ್ಕೆ ಅರ್ಧ ಸೋತೇ ಕಾಲಿಡುತ್ತದೆ. ಬಚ್ಚಲ ಗೋಡೆಯ ಹೊರಬದಿಯಲ್ಲಿ ಮಾರ್ಚ್ ತಿಂಗಳಲ್ಲೂ ಹಸಿರು ಪಾಚಿ ಕಂಡರೆ ಸುಣ್ಣ ಬಳಿದು ಮುಚ್ಚಬೇಡಿ. ಒಳಗಿನ ಪೈಪು ನೋಡಿ.

ಮೊದಲ ಹತ್ತು ನಿಮಿಷ

ನೀರು ಚಿಮ್ಮುವಾಗ ಮನೆಯಲ್ಲಿ ಗದ್ದಲವಾಗುತ್ತದೆ. ಒಬ್ಬರು ಬಟ್ಟೆ ಹುಡುಕುತ್ತಾರೆ, ಒಬ್ಬರು ಪ್ಲಂಬರಿಗೆ ಫೋನು ಹಚ್ಚುತ್ತಾರೆ. ಜಾಂಬೋಟಿ ಸುತ್ತಿನ ಹಳ್ಳಿಗೆ ಬೆಳಗಾವಿಯಿಂದಲೋ ಖಾನಾಪುರದಿಂದಲೋ ಪ್ಲಂಬರ್ ಬರುವುದು ಅವನಿಗೆ ಪುರುಸೊತ್ತಾದಾಗ. ಅಲ್ಲಿಯವರೆಗೆ ನಾವು ಮಾಡಬೇಕಾದದ್ದು ಹೀಗೆ.

ಮೊದಲು ಕರೆಂಟು. ಸೋರುವ ನೀರು ಸ್ವಿಚ್ ಬೋರ್ಡಿನ, ಸ್ಟಾರ್ಟರಿನ ಅಥವಾ ವೈರಿಂಗ್ ಇರುವ ಗೋಡೆಯ ಹತ್ತಿರ ಇದ್ದರೆ ಮೇನ್ ಸ್ವಿಚ್ ಬಂದ್ ಮಾಡದೆ ಯಾವುದನ್ನೂ ಮುಟ್ಟಬಾರದು. ಮೇನ್ ಸ್ವಿಚ್ಚೇ ಒದ್ದೆಯಾಗಿದ್ದರೆ ಅದನ್ನೂ ಮುಟ್ಟಬೇಡಿ, ಲೈನ್‌ಮನ್ನಿಗೆ ಹೇಳಿ. ನೀರು ಹೋದರೆ ಮತ್ತೆ ಬರುತ್ತದೆ, ಮನುಷ್ಯ ಬರುವುದಿಲ್ಲ.

ಎರಡನೆಯದು ವಾಲ್ವು. ಟಾಕಿಯಿಂದ ಪೈಪು ಹೊರಡುವಲ್ಲಿ ಒಂದು ವಾಲ್ವು ಇರಲೇಬೇಕು. ಬೀದಿಯಿಂದ ಅಂಗಳಕ್ಕೆ ಬರುವಲ್ಲಿ ಇನ್ನೊಂದು. ಮನೆ ಕಟ್ಟಿಸುವಾಗ ಟೈಲ್ಸಿಗೆ ಎಷ್ಟೋ ಖರ್ಚು ಮಾಡುತ್ತೇವೆ, ಈ ಎರಡು ವಾಲ್ವಿಗೆ ಕೈ ಹಿಂದೆಗೆಯುತ್ತೇವೆ. ಇದ್ದ ವಾಲ್ವನ್ನೂ ಮೂರು ತಿಂಗಳಿಗೊಮ್ಮೆ ತಿರುಗಿಸಿ ನೋಡಬೇಕು. ಇಲ್ಲವಾದರೆ ಬೇಕಾದ ದಿನ ಅದು ತುಕ್ಕು ಹಿಡಿದು ಕೂತಿರುತ್ತದೆ. ವಾಲ್ವು ಎಲ್ಲಿದೆ, ಯಾವ ಕಡೆ ತಿರುಗಿಸಿದರೆ ಬಂದ್ ಎಂಬುದು ಮನೆಯ ಹೆಂಗಸರಿಗೆ, ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತಿರಬೇಕು. ಪೈಪು ಒಡೆಯುವಾಗ ಯಜಮಾನ ಮನೆಯಲ್ಲೇ ಇರುತ್ತಾನೆಂದು ಏನು ಖಾತ್ರಿ?

ವಾಲ್ವು ಇಲ್ಲದ ಹಳೆ ಟಾಕಿಯಾದರೆ ಒಳಗಿನಿಂದ ಪೈಪಿನ ಬಾಯಿಗೆ ಬಟ್ಟೆ ಸುತ್ತಿದ ಒಣ ಮರದ ಬೆಣೆ ತುರುಕಬೇಕು. ಒಣ ಮರವೇ ಆಗಬೇಕು, ನೀರು ಕುಡಿದು ಉಬ್ಬಿ ತಾನಾಗಿ ಬಿಗಿಯುತ್ತದೆ. ಟಾಕಿಗೆ ಹೊಂದುವ ಬೆಣೆಯನ್ನು ಮೊದಲೇ ಕೆತ್ತಿ ಅಟ್ಟದಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಮೂರನೆಯದು ತಾತ್ಕಾಲಿಕ ಕಟ್ಟು. ಸೈಕಲ್ಲಿನ ಹಳೇ ಟ್ಯೂಬನ್ನು ಎರಡು ಬೆರಳಗಲಕ್ಕೆ ಉದ್ದ ಪಟ್ಟಿ ಕತ್ತರಿಸಿ. ತೂತಿನ ಒಂದು ಗೇಣು ಆಚೆಯಿಂದ ಶುರು ಮಾಡಿ, ಎಳೆದು ಎಳೆದು, ಒಂದು ಸುತ್ತಿನ ಮೇಲೆ ಮುಂದಿನ ಸುತ್ತು ಅರ್ಧ ಬರುವಂತೆ ಸುತ್ತಿ. ಮೇಲೆ ಬೈಂಡಿಂಗ್ ತಂತಿ ಹಾಕಿ ಇಕ್ಕಳದಿಂದ ತಿರುವಿ. ಕಡಿಮೆ ಒತ್ತಡದ ಮನೆ ಪೈಪಿಗೆ ಇದು ಕೆಲವು ದಿನ ನಿಲ್ಲುತ್ತದೆ. ಆದರೆ ಇದು ಕಟ್ಟು ಮಾತ್ರ, ರಿಪೇರಿಯಲ್ಲ. ನಮ್ಮಲ್ಲಿ ಕಟ್ಟಿದ ಟ್ಯೂಬೇ ಕಾಯಮ್ಮಾಗಿ ಉಳಿದುಬಿಡುವುದು ದೊಡ್ಡ ರೋಗ.

ರಿಪೇರಿಯಲ್ಲಿ ಮೂರು ಮಾತು ನೆನಪಿಡಿ. ಪಿವಿಸಿ ಪೈಪಿಗೆ ಸೊಲ್ಯೂಶನ್ ಹಚ್ಚುವಾಗ ಜಾಗ ಪೂರ್ತಿ ಒಣಗಿರಬೇಕು. ಹಸಿಯ ಮೇಲೆ ಹಚ್ಚಿದ್ದು ನೀರು ಬಿಟ್ಟ ಕೂಡಲೇ ಬಿಡುತ್ತದೆ. ಹೊಸ ಯೋಜನೆಯಲ್ಲಿ ಬಂದಿರುವ ಕಪ್ಪು ಎಚ್.ಡಿ.ಪಿ.ಇ. ಪೈಪಿಗೆ ಆ ಸೊಲ್ಯೂಶನ್ ಅಂಟುವುದೇ ಇಲ್ಲ. ಅದಕ್ಕೆ ಕೈಯಿಂದ ಬಿಗಿಯುವ ಕಪ್ಲರ್ ಬೇಕು, ಇಲ್ಲವೇ ಕಾಯಿಸಿ ಬೆಸೆಯಬೇಕು. ಇನ್ನು ತೊಟ್ಟಿಕ್ಕುವ ನಳ: ತಿರುಗಿಸಿ ಮುಚ್ಚುವ ಹಳೇ ಮಾದರಿಯದ್ದಾದರೆ ಹತ್ತರಲ್ಲಿ ಒಂಬತ್ತು ಸಲ ಕೆಟ್ಟಿರುವುದು ಒಳಗಿನ ವಾಷರ್. ಬೆಲೆ ಒಂದು ಕಪ್ಪು ಚಹದಷ್ಟೂ ಇಲ್ಲ. ಬಲ ಹಾಕಿ ಬಿಗಿ ಮುಚ್ಚಿದಷ್ಟೂ ವಾಷರ್ ಬೇಗ ಹಾಳಾಗಿ ಸೋರಿಕೆ ಹೆಚ್ಚುತ್ತದೆ.

ಇಷ್ಟಕ್ಕೆಲ್ಲ ಬೇಕಾಗುವ ಸಾಮಾನು ಒಂದು ಹಳೇ ಎಣ್ಣೆ ಡಬ್ಬಿಯಲ್ಲಿ ಹಿಡಿಸುತ್ತದೆ: ಒಂದು ಪೈಪ್ ಪಾನಾ, ಇಕ್ಕಳ, ಗರಗಸದ ಬ್ಲೇಡು, ಟೆಫ್ಲಾನ್ ಟೇಪು, ನಾಲ್ಕಾರು ವಾಷರ್, ಟ್ಯೂಬಿನ ಪಟ್ಟಿ, ತಂತಿ, ಮನೆಯ ಪೈಪಿನ ಅಳತೆಯ ಎರಡು ಜೋಡಣೆ, ಒಂದು ಎಂಡ್ ಕ್ಯಾಪ್. ಔಷಧಿ ಹೊಡೆಯುವ ಪಂಪಿನ ವಾಷರ್ ಇಟ್ಟುಕೊಳ್ಳುವ ನಮಗೆ ಇದು ಹೊಸದೇನಲ್ಲ.

ಕಾಣದ ಸೋರಿಕೆ ಹಿಡಿಯುವುದು

ಚಿಮ್ಮುವ ನೀರನ್ನು ಕುರುಡನೂ ಕಂಡುಕೊಳ್ಳುತ್ತಾನೆ. ಕಳ್ಳ ಸೋರಿಕೆಗೆ ತಪಾಸಣೆ ಬೇಕು. ರಾತ್ರಿ ಮಲಗುವ ಮೊದಲು ಎಲ್ಲ ನಳ ಮುಚ್ಚಿ, ಟಾಕಿಯ ನೀರಿನ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆಯಿರಿ. ಬೆಳಗ್ಗೆ ಯಾರೂ ನೀರು ಮುಟ್ಟುವ ಮೊದಲು ನೋಡಿ. ಎಷ್ಟು ಇಂಚು ಇಳಿದಿದೆ? ಚೌಕ ಟಾಕಿಯಾದರೆ ಉದ್ದ, ಅಗಲ ಎರಡನ್ನೂ ಅಡಿಯಲ್ಲಿ ಅಳೆದು ಗುಣಿಸಿ, ಇಳಿದ ಇಂಚಿನಿಂದ ಗುಣಿಸಿ, ಮತ್ತೆ 2.36ರಿಂದ ಗುಣಿಸಿ. ಬಂದದ್ದು ಲೀಟರ್. 6 ಅಡಿ ಉದ್ದ, 6 ಅಡಿ ಅಗಲದ ಟಾಕಿ ಒಂದೇ ಇಂಚು ಇಳಿದರೂ 85 ಲೀಟರ್! ದುಂಡಗಿನ ಟಾಕಿಗೆ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ಇಂಚಿನಿಂದ ಗುಣಿಸಿ, 1.85ರಿಂದ ಗುಣಿಸಿದರೆ ಸಾಕು.

ಇಳಿದದ್ದು ಟಾಕಿಯಿಂದಲೋ ಪೈಪಿನಿಂದಲೋ? ಮರುದಿನ ರಾತ್ರಿ ಟಾಕಿಯ ಬುಡದ ವಾಲ್ವು ಮುಚ್ಚಿ ಅದೇ ಪರೀಕ್ಷೆ ಮಾಡಿ. ಆಗಲೂ ಇಳಿದರೆ ಟಾಕಿಯೇ ಒಡೆದಿದೆ. ಇಳಿಯದಿದ್ದರೆ ಕಳ್ಳ ಪೈಪಿನಲ್ಲಿದ್ದಾನೆ. ಪಾಯಖಾನೆಗೆ ಫ್ಲಶ್ ಡಬ್ಬಿ ಇರುವ ಮನೆಯವರು ಆ ಡಬ್ಬಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಹಾಕಿ ಅರ್ಧ ತಾಸು ಬಿಡಿ. ಒತ್ತದೆಯೇ ಕೆಳಗೆ ನೀಲಿ ಬಂದರೆ ಒಳಗಿನ ರಬ್ಬರು ಹೋಗಿದೆ. ಮೀಟರ್ ಇರುವವರಿಗೆ ಇನ್ನೂ ಸುಲಭ: ಎಲ್ಲ ನಳ ಮುಚ್ಚಿದಾಗಲೂ ಮೀಟರಿನ ಸಣ್ಣ ಚಕ್ರ ತಿರುಗುತ್ತಿದ್ದರೆ ನೀರು ಎಲ್ಲೋ ಹೋಗುತ್ತಿದೆ.

ನೀರು ಹೊರಗೆ ಹೋಗುವ ದಾರಿಯಲ್ಲೇ ಹೊಲಸು ಒಳಗೆ

ಸೋರಿಕೆಯನ್ನು ನಾನು ನೀರಿನ ನಷ್ಟ ಎಂದಷ್ಟೇ ನೋಡುವುದಿಲ್ಲ. ಪೈಪಿನಲ್ಲಿ ಒತ್ತಡ ಇರುವಾಗ ತೂತಿನಿಂದ ನೀರು ಹೊರಗೆ ಬರುತ್ತದೆ. ನೀರು ಬಿಡುವುದು ನಿಂತು ಪೈಪು ಖಾಲಿಯಾಗುವಾಗ ಅದೇ ತೂತು ಹೊರಗಿನದನ್ನು ಒಳಗೆ ಎಳೆಯುತ್ತದೆ. ಆ ಪೈಪು ಗಟಾರದ ಪಕ್ಕದಲ್ಲೇ ಹೋಗಿದ್ದರೆ ಏನು ಎಳೆದುಕೊಳ್ಳುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮರುದಿನ ಬರುವ ಮೊದಲ ಎರಡು ಕೊಡ ಅದೇ ನೀರು.

ಇದು ಊಹೆಯ ಮಾತಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು, ಉಳಿದವಕ್ಕೆ ಕೆಲವು ದಿನಕ್ಕೊಮ್ಮೆ ನೀರು ಬರುತ್ತಿದ್ದಾಗ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನಳದ ನೀರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ನೂರು ಮಾದರಿಗಳಲ್ಲಿ ಸುಮಾರು 32ರಲ್ಲಿ ಮಲದ ಸಂಪರ್ಕ ತೋರಿಸುವ ಇ-ಕೊಲೈ ರೋಗಾಣು ಸಿಕ್ಕಿತು. ಸತತ ನೀರಿನ ಕಡೆ ನೂರಕ್ಕೆ ಒಂದೂ ಇಲ್ಲ. ನಮ್ಮ ಹಳ್ಳಿಗಳ ನೀರು ಯಾವ ಗುಂಪಿಗೆ ಸೇರುತ್ತದೆ, ನೀವೇ ಹೇಳಿ. ನಮ್ಮದೇ ಜಿಲ್ಲೆಯ ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ 2022ರ ಅಕ್ಟೋಬರಿನಲ್ಲಿ ಕಲುಷಿತ ನೀರು ಕುಡಿದು ಊರಿಗೆ ಊರೇ ವಾಂತಿಭೇದಿಯಿಂದ ಮಲಗಿತು, ಜೀವವೂ ಹೋಯಿತು.

ಆದ್ದರಿಂದ ಗಟಾರದ ಹತ್ತಿರ ಸೋರುವ ಕನೆಕ್ಷನ್ ಕಂಡರೆ ಅದು ರಿಪೇರಿಯಾಗಿ, ಪೈಪು ತೊಳೆದು ಹೋಗುವವರೆಗೆ ಆ ಸಾಲಿನ ಎಲ್ಲ ಮನೆಗಳೂ ನೀರು ಕುದಿಸಿಯೇ ಕುಡಿಯಬೇಕು. ಪಕ್ಕದ ಮನೆಯವರಿಗೂ ಹೇಳಬೇಕು. ಇದರಲ್ಲಿ ಸಂಕೋಚ ಬೇಡ.

ಬೀದಿಯ ಸೋರಿಕೆ ಯಾರದ್ದು?

ಮನೆಯೊಳಗಿನದ್ದು ನಮ್ಮದು, ಸರಿ. ಗೇಟಿನಿಂದ ಆಚೆಯದ್ದು? ಇಲ್ಲಿ ನನಗೆ ಕಹಿ ಅನುಭವವಿದೆ. ನಮ್ಮ ಅಂಗಳದ ಹೊರಗೆ ಮುಖ್ಯ ಪೈಪಿನಿಂದ ಮನೆಗೆ ಕವಲು ತೆಗೆದ ಜಾಗ ಸೋರತೊಡಗಿತು. ಪೈಪು ಹೂತದ್ದು ಮೊಣಕೈ ಆಳವೂ ಇರಲಿಲ್ಲ, ಟ್ರ್ಯಾಕ್ಟರ್ ಹಾದುಹೋದದ್ದೇ ನೆಪ. ಸಂಬಂಧಪಟ್ಟವರಿಗೆ ತಿಳಿಸಿದೆ. "ನಾಳೆ ಬರ್ತೀವ್ರಿ" ಅಂದರು. ಹನ್ನೊಂದನೇ ದಿನಕ್ಕೆ ಬಂದರು, ಟ್ಯೂಬು ಸುತ್ತಿ ಮಣ್ಣು ಮುಚ್ಚಿ ಹೋದರು. ಮೂರು ವಾರದಲ್ಲಿ ಅದು ಮತ್ತೆ ಬಿಟ್ಟಿತು. ಕೇಳಿದರೆ ಕೆಲಸ ಮಾಡಿದ ಗುತ್ತಿಗೆದಾರರ ಕಡೆ ಕೈ ತೋರಿಸಿದರು, ಗುತ್ತಿಗೆದಾರರು "ನಮ್ದು ಮುಗದೈತ್ರಿ, ಒಪ್ಪಸೇವಿ" ಅಂದರು. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಓದುಗರಲ್ಲಿ ಅನೇಕರಿಗೆ ಇದೇ ಕತೆ ಬೇರೆ ಊರಿನ ಹೆಸರಿನಲ್ಲಿ ಗೊತ್ತಿದ್ದೀತು. ಪೈಪು ಹಾಕಲು ಯೋಜನೆ ಇದೆ, ಪೈಪು ನೋಡಿಕೊಳ್ಳಲು ಕೈಗಳಿಲ್ಲ.

ಕಾಗದದ ಮೇಲೆ ವ್ಯವಸ್ಥೆ ಇದೆ. ಜಲ ಜೀವನ ಮಿಷನ್ನಿನ ಮಾರ್ಗಸೂಚಿಯ ಪ್ರಕಾರ ಹಳ್ಳಿಗೊಂದು ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ಅದರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಊರಿನ ಐದು ಜನ ಹೆಂಗಸರಿಗೆ ನೀರು ಪರೀಕ್ಷಿಸುವ ಪೆಟ್ಟಿಗೆ ಬಳಸುವ ತರಬೇತಿ ಕೊಡಬೇಕು. ಊರಿನವರಿಗೇ ಪ್ಲಂಬರ್ ಕೆಲಸ ಕಲಿಸುವ 'ನಲ್ ಜಲ ಮಿತ್ರ' ಎಂಬ ಕಾರ್ಯಕ್ರಮವೂ ಇದೆ. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ? ಹೆಸರು ಗೊತ್ತಿಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಿ.

ನನ್ನ ಸಲಹೆ ಮೂರು. ಒಂದು, ಆ ಐದು ಹೆಂಗಸರಿಗೆ ಪರೀಕ್ಷೆಯ ಪೆಟ್ಟಿಗೆಯ ಜೊತೆಗೆ ಪಾನಾದ ಪೆಟ್ಟಿಗೆಯನ್ನೂ ಕೊಡಬೇಕು, ರಿಪೇರಿಗೊಂದು ಕೂಲಿ ನಿಗದಿ ಮಾಡಬೇಕು. ಸೋರಿಕೆಯನ್ನು ಮೊದಲು ನೋಡುವವರು ಅವರು, ನೀರಿಲ್ಲದಾಗ ಹೊರುವವರೂ ಅವರೇ. ಪಾನಾ ಮಾತ್ರ ಗಂಡಸರ ಕೈಯಲ್ಲಿ ಯಾಕೆ? ಎರಡು, ಹತ್ತು ಹದಿನೈದು ಮನೆಗೊಂದು ವಾಲ್ವು ಬೇಕು. ಒಂದು ಕವಲು ಒಡೆದದ್ದಕ್ಕೆ ಇಡೀ ಊರಿನ ನೀರು ನಿಲ್ಲಿಸಬೇಕಾಗಿ ಬರುವುದರಿಂದಲೇ ರಿಪೇರಿ ಮುಂದೆ ಮುಂದೆ ಹೋಗುವುದು. ಮೂರು, ಗುತ್ತಿಗೆದಾರರ ಕೊನೆಯ ಬಿಲ್ಲಿನ ಮೊದಲು ಪೈಪು ಎಲ್ಲಿ, ಎಷ್ಟು ಆಳದಲ್ಲಿ ಹೋಗಿದೆ ಎಂಬ ನಕ್ಷೆಯನ್ನು ಗ್ರಾಮಸಭೆಗೆ ಒಪ್ಪಿಸಬೇಕು. ನಕ್ಷೆ ಇಲ್ಲದ ಪೈಪನ್ನು ಜೆಸಿಬಿಯೇ ಹುಡುಕಿಕೊಡುತ್ತದೆ!

ಶಹರವೂ ಕಲಿಯಬೇಕಾಯಿತು

"ಬೆಳಗಾವಿಯಾಗ ಗಟಾರಕ್ಕ ಹೋಗೂ ನೀರಿನ ಮುಂದ ನಮ್ದೇನ ಲೆಕ್ಕ?" ಎಂಬ ಮಾತೂ ಇದೆ. ಬೆಳಗಾವಿ ಕುಡಿಯುವುದು ಮಾರ್ಕಂಡೇಯ ನದಿಯ ರಾಕಸಕೊಪ್ಪ ಕೆರೆಯ ಮತ್ತು ಘಟಪ್ರಭೆಯ ಹಿಡಕಲ್ ಅಣೆಕಟ್ಟಿನ ನೀರು. 2023ರಲ್ಲಿ ಮುಂಗಾರು ತಡವಾಗಿ ರಾಕಸಕೊಪ್ಪದ ನೀರು ತಳದತ್ತ ಇಳಿದಾಗ ಶಹರದವರ ಗಂಟಲೂ ಒಣಗಿತು. ಅದಕ್ಕೂ ಮೊದಲು 2008ರ ಹೊತ್ತಿಗೆ, ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ, ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರ್ಗಿಯ ಆಯ್ದ ವಾರ್ಡುಗಳಿಗೆ ದಿನದ 24 ತಾಸೂ ನೀರು ಕೊಟ್ಟು ತೋರಿಸಿದರು. ಅಲ್ಲಿ ದೊಡ್ಡ ಪೈಪು ಬದಲಿಸಿ ಸುಮ್ಮನಾಗಲಿಲ್ಲ. ಮನೆ ಮನೆಯ ಕನೆಕ್ಷನ್ ಹೊಸದು ಹಾಕಿ ಮೀಟರು ಕೂಡಿಸಿದರು. ಎಷ್ಟೋ ಸೋರಿಕೆ ಇರುವುದು ಮನೆಗೆ ಬರುವ ಆ ತೆಳು ಪೈಪಿನಲ್ಲೇ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂ. ದಂಡ ಎಂದರು. ನೀರು ತೀರಿದ ಮೇಲೆ ಶಿಸ್ತು ಕಲಿಯುವುದು ಶಹರದ ರೀತಿ. ನಾವು ಅಲ್ಲಿಯವರೆಗೆ ಕಾಯಬೇಕಿಲ್ಲ.

ನಮ್ಮ ಗುಡ್ಡದ ನೀರಿಗೆ ಮೂರು ರಾಜ್ಯಗಳು ಕಟ್ಟೆ ಹತ್ತಿವೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಲು ಕರ್ನಾಟಕಕ್ಕೆ ಕೊಟ್ಟಿತು. ಆ ನೀರಿಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು. ತಿರುಗಿಸುವುದು ಸರಿಯೋ, ಕಾಡಿಗೆ ಏನಾಗುತ್ತದೆ ಎಂಬ ಚರ್ಚೆ ಬೇರೆ, ಅದನ್ನು ಇನ್ನೊಮ್ಮೆ ಮಾಡೋಣ. ಬಯಲುಸೀಮೆಯ ರೈತ ಒಂದೊಂದು ಕೊಡಕ್ಕೆ ಬೀದಿಗಿಳಿಯುವಾಗ, ನೀರು ಹುಟ್ಟುವ ಊರಿನವರು ತಲೆಯಿಲ್ಲದ ನಳ ಇಟ್ಟುಕೊಂಡು ಯಾವ ಬಾಯಲ್ಲಿ ನೀರಿನ ಹಕ್ಕಿನ ಮಾತಾಡುವುದು? ನನಗೆ ಚುಚ್ಚುವ ಪ್ರಶ್ನೆ ಇದು.

ಓದುಗ ಮಿತ್ರರಲ್ಲಿ ಒಂದು ವಿನಂತಿ. ಈ ಸಂಚಿಕೆ ಕೈಗೆ ಬಂದ ವಾರವೇ ಟಾಕಿಗೆ ಇದ್ದಿಲ ಗೆರೆ ಹಾಕಿ ನೋಡಿ. ರಾತ್ರಿಗೆ ಎಷ್ಟು ಇಂಚು ಇಳಿಯಿತು, ಎಲ್ಲಿ ಸೋರುತ್ತಿತ್ತು, ಸರಿಪಡಿಸಲು ಎಷ್ಟು ಖರ್ಚು ಬಂತು, ಯಾವ ಉಪಾಯ ನಿಂತಿತು, ಯಾವುದು ಬಿಟ್ಟಿತು, ಒಂದು ಕಾರ್ಡಿನಲ್ಲಿ ಬರೆದರೂ ಸಾಕು. ಪ್ಲಂಬರ್ ಸಿಗದ ಊರುಗಳಲ್ಲಿ ಹೆಂಗಸರೇ ಪಾನಾ ಹಿಡಿದ ಉದಾಹರಣೆ ಇದ್ದರೆ ತಪ್ಪದೆ ತಿಳಿಸಿ. ನಮ್ಮೂರಿನವರಿಗೆ ಓದಿ ಹೇಳಲು ಅದು ನನಗೆ ಬೇಕು.